ಟ್ಯಾಕ್ಸ್ ಕ್ರೆಡಿಟ್ ಮಾರಿ ಮನೆ ಕಟ್ಟೋದು ಹೇಗೆ? ಬಾಡಿಗೆ ಕಡಿಮೆ ಇರೋದು ಎಷ್ಟು ವರ್ಷ?

ಇವತ್ತು ಬಾಡಿಗೆ ಬಗ್ಗೆ ಮಾತಾಡೋಣ. ಆದರೆ ಬಾಡಿಗೆಗೆ ಹೋಗೋ ದಾರಿ ತೆರಿಗೆ ಇಲಾಖೆ ಮೂಲಕ. ಬೋರ್ ಆಗುತ್ತೆ ಅಂತ ಸ್ಕಿಪ್ ಮಾಡ್ಬೇಡಿ, ಇದರಲ್ಲಿ ಒಳ್ಳೇ ತಿರುವುಗಳಿವೆ.

ಅಮೆರಿಕದ ಡಲ್ಲಾಸ್ ಹತ್ತಿರ ಎಂ.ಎಸ್. ಓದ್ತಿರೋ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು. ಮನೆ ಹುಡುಕುವಾಗ ಒಂದೇ ಬಡಾವಣೆಯಲ್ಲಿ ಹೆಚ್ಚುಕಡಿಮೆ ಒಂದೇ ಥರದ ಎರಡು ಅಪಾರ್ಟ್‌ಮೆಂಟ್ ಕಂಡವಂತೆ. ಒಂದರ ಬಾಡಿಗೆ ಇನ್ನೊಂದಕ್ಕಿಂತ ನೂರಾರು ಡಾಲರ್ ಕಡಿಮೆ. ಅಲ್ಲಿಗೆ ಹೋಗಿ ಕೇಳಿದ್ರೆ, ಇದು ಟ್ಯಾಕ್ಸ್ ಕ್ರೆಡಿಟ್ ಪ್ರಾಪರ್ಟಿ, ಮೂರು ಜನ ಫುಲ್‌ಟೈಮ್ ಸ್ಟೂಡೆಂಟ್ಸ್‌ಗೆ ಕೊಡೋಕೆ ಬರಲ್ಲ ಅಂದ್ರಂತೆ. ಅವರ ಪ್ರಶ್ನೆ: ಟ್ಯಾಕ್ಸ್‌ಗೂ ನನ್ನ ಬಾಡಿಗೆಗೂ ಏನ್ ಸಂಬಂಧ? ನಮ್ಮ ಹತ್ರ ದುಡ್ಡಿಲ್ಲ ಅಂತಾನೇ ಅಲ್ವಾ ಅಲ್ಲಿಗೆ ಹೋಗಿದ್ದು?

ಮೊದಲು ಆ ಹುಡುಗರಿಗೆ ಉತ್ತರ ಕೊಟ್ಟುಬಿಡ್ತೀನಿ. ಅಪಾರ್ಟ್‌ಮೆಂಟ್‌ನವರು ಹೇಳಿದ್ದು ಸರಿ. ಮನೆಯಲ್ಲಿರೋ ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾದ್ರೆ ಸಾಮಾನ್ಯವಾಗಿ ಇಂಥ ಮನೆ ಸಿಗಲ್ಲ. ಮದುವೆಯಾಗಿ ಒಟ್ಟಿಗೆ ತೆರಿಗೆ ರಿಟರ್ನ್ ಸಲ್ಲಿಸೋ ಹಕ್ಕಿರೋರು, ಚಿಕ್ಕ ಮಕ್ಕಳಿರೋ ಒಂಟಿ ಪೋಷಕರು, ಹೀಗೆ ಕೆಲವರಿಗೆ ವಿನಾಯಿತಿ ಇದೆ. ಕಾರಣ ಸರಳ. ವಿದ್ಯಾರ್ಥಿಗೆ ಇವತ್ತು ಆದಾಯ ಇಲ್ಲ, ನಾಳೆ ಸಾಫ್ಟ್‌ವೇರ್ ಸಂಬಳ. ಆಸ್ಪತ್ರೆಯಲ್ಲಿ ಬೆಡ್‌ಶೀಟ್ ಬದಲಾಯಿಸೋರಿಗೆ, ಶಾಲಾ ಬಸ್ ಓಡಿಸೋರಿಗೆ ಆ ನಾಳೆ ಇಲ್ಲ. ಈ ಮನೆಗಳನ್ನ ಕಾಲೇಜ್ ಹಾಸ್ಟೆಲ್ ಮಾಡಬಾರದು ಅಂತಾನೇ ಈ ನಿಯಮ ಇಟ್ಟಿದ್ದಾರೆ. ನನಗಂತೂ ಇದು ನ್ಯಾಯ ಅನ್ನಿಸುತ್ತೆ.

ಈಗ ದೊಡ್ಡ ಪ್ರಶ್ನೆಗೆ ಬರೋಣ. ಟ್ಯಾಕ್ಸ್‌ಗೂ ಬಾಡಿಗೆಗೂ ಏನು ಸಂಬಂಧ?

1986ರಲ್ಲಿ ರೊನಾಲ್ಡ್ ರೇಗನ್ ಅಧ್ಯಕ್ಷರಾಗಿದ್ದಾಗ ಅಮೆರಿಕದ ತೆರಿಗೆ ಕಾನೂನನ್ನ ದೊಡ್ಡ ಮಟ್ಟದಲ್ಲಿ ಬದಲಾಯಿಸಿದ್ರು. ಅದರಲ್ಲೇ ಸೇರಿದ್ದು 'ಲೋ ಇನ್‌ಕಮ್ ಹೌಸಿಂಗ್ ಟ್ಯಾಕ್ಸ್ ಕ್ರೆಡಿಟ್'. ಅಲ್ಲಿನವರು 'ಲೈಟೆಕ್' ಅಂತಾರೆ. ಕಡಿಮೆ ಆದಾಯದವರಿಗೆ ಸರ್ಕಾರವೇ ಮನೆ ಕಟ್ಟಿ ಕೊಡೋ ಕಾಲ ಆಗಲೇ ಮುಗೀತಾ ಬಂದಿತ್ತು. ಹಾಗಾಗಿ ಖಾಸಗಿಯವರೇ ಕಟ್ಟಲಿ, ನಾವು ತೆರಿಗೆ ಬಿಡ್ತೀವಿ ಅನ್ನೋ ಲೆಕ್ಕ. ಅಲ್ಲಿಂದ ಇಲ್ಲಿವರೆಗೆ 30 ಲಕ್ಷಕ್ಕೂ ಹೆಚ್ಚು ಮನೆಗಳು ಈ ದಾರಿಯಲ್ಲಿ ಬಂದಿವೆ. ಅಮೆರಿಕದಲ್ಲಿ ಕೈಗೆಟುಕುವ ಬಾಡಿಗೆ ಮನೆ ಹೊಸದಾಗಿ ಕಟ್ಟೋಕೆ ಇದಕ್ಕಿಂತ ದೊಡ್ಡ ದಾರಿ ಬೇರೆ ಇಲ್ಲ.

ಇಲ್ಲಿ ಒಂದು ಪದ ಬಿಡಿಸ್ಕೊಳ್ಳೋಣ. ನಾವು 80ಸಿ ಅಂತ ತೋರಿಸೋದು ಕಡಿತ. ಅದು ಲೆಕ್ಕಕ್ಕೆ ಬರೋ ಆದಾಯವನ್ನ ಇಳಿಸುತ್ತೆ. ಕ್ರೆಡಿಟ್ ಹಾಗಲ್ಲ, ಅದು ನೇರವಾಗಿ ಕಟ್ಟಬೇಕಾದ ತೆರಿಗೆಯನ್ನೇ ಇಳಿಸುತ್ತೆ. ನಮ್ಮ 87ಎ ರಿಬೇಟ್ ಇದೆಯಲ್ಲ, ಅದರ ಜಾತಿ. ಒಂದು ಡಾಲರ್ ಕ್ರೆಡಿಟ್ ಇದ್ರೆ ಒಂದು ಡಾಲರ್ ತೆರಿಗೆ ಮಾಯ.

ಆದರೆ ಬಿಲ್ಡರ್ ಹತ್ರ ಅಷ್ಟು ತೆರಿಗೆ ಬಾಕಿ ಎಲ್ಲಿರುತ್ತೆ? ಇರಲ್ಲ. ಅವರಿಗೆ ಬೇಕಾಗಿರೋದು ಇವತ್ತು ಸಿಮೆಂಟಿಗೆ, ಕಬ್ಬಿಣಕ್ಕೆ, ಕೂಲಿಗೆ ದುಡ್ಡು. ಹಾಗಾಗಿ ಅವರು ಆ ಕ್ರೆಡಿಟ್ ಅನ್ನ ಮಾರ್ತಾರೆ. ಕಾಗದದ ಮೇಲೆ ಅದು ಮಾರಾಟ ಅಲ್ಲ, ಪಾಲುದಾರಿಕೆ. ಕೊಳ್ಳೋರು ಹೆಚ್ಚಾಗಿ ದೊಡ್ಡ ಬ್ಯಾಂಕುಗಳು. ಅವರಿಗೆ ತೆರಿಗೆಯೂ ಉಳಿಯುತ್ತೆ, ಜೊತೆಗೆ ವ್ಯವಹಾರ ಮಾಡೋ ಊರಿನ ಬಡ ಬಡಾವಣೆಗಳಿಗೂ ಹಣ ಹಾಕಿದ್ದೀವಿ ಅಂತ ತೋರಿಸೋಕೂ ಆಗುತ್ತೆ. ಹಾಗೆ ತೋರಿಸಬೇಕು ಅನ್ನೋ ಕಾನೂನು ಅಲ್ಲಿ 1977ರಿಂದಲೇ ಇದೆ. ಬ್ಯಾಂಕ್ ಇವತ್ತು ದುಡ್ಡು ಹಾಕುತ್ತೆ, ಮುಂದಿನ 10 ವರ್ಷ ಪ್ರತಿ ವರ್ಷ ತನ್ನ ತೆರಿಗೆಯಿಂದ ಕಳ್ಕೊಳ್ಳುತ್ತೆ.

ಬಿಲ್ಡರ್ ಇದಕ್ಕೆ ಪ್ರತಿಯಾಗಿ ಏನು ಒಪ್ಪಬೇಕು? ಹಳೇ ನಿಯಮದ ಪ್ರಕಾರ, ಆ ಪ್ರದೇಶದ ಮಧ್ಯಮ ಆದಾಯದ ಶೇ 60ಕ್ಕಿಂತ ಕಡಿಮೆ ದುಡಿಯೋರಿಗೆ ಕನಿಷ್ಠ ಶೇ 40 ಮನೆ ಕೊಡಬೇಕು, ಇಲ್ಲಾಂದ್ರೆ ಶೇ 50ಕ್ಕಿಂತ ಕಡಿಮೆ ಇರೋರಿಗೆ ಶೇ 20 ಮನೆ. ಆ ಮನೆಗಳ ಬಾಡಿಗೆ ಆ ಆದಾಯ ಮಿತಿಯ ಶೇ 30ನ್ನ ದಾಟಬಾರದು. ಕರೆಂಟು, ನೀರು ಎಲ್ಲ ಅದರೊಳಗೇ.

ಒಂದು ಲೆಕ್ಕ ಹಾಕೋಣ. ಇದು ನಾನೇ ಊಹಿಸಿಕೊಂಡಿರೋ ಕಟ್ಟಡ, ಎಲ್ಲೂ ಹುಡುಕೋಕೆ ಹೋಗ್ಬೇಡಿ. 100 ಮನೆ, ಒಂದಕ್ಕೆ 3 ಲಕ್ಷ ಡಾಲರ್ ಖರ್ಚು. ಒಟ್ಟು 3 ಕೋಟಿ ಡಾಲರ್. ವರ್ಷಕ್ಕೆ 50 ಸಾವಿರ ಡಾಲರ್ ಆದಾಯ ಮಿತಿ ಅಂದ್ಕೊಂಡ್ರೆ, ಬಾಡಿಗೆ ತಿಂಗಳಿಗೆ 1,250 ದಾಟೋ ಹಾಗಿಲ್ಲ. 100 ಮನೆಯಿಂದ ವರ್ಷಕ್ಕೆ 15 ಲಕ್ಷ ಡಾಲರ್. ಅದರಲ್ಲಿ ರಿಪೇರಿ, ವಿಮೆ, ಸಿಬ್ಬಂದಿ, ಆಸ್ತಿ ತೆರಿಗೆ ಕಳೆದ್ರೆ ಅರ್ಧ ಉಳಿಯಬಹುದು. ಅಷ್ಟು ಆದಾಯ ತೋರಿಸಿದ್ರೆ ಬ್ಯಾಂಕ್ ಸುಮಾರು 1 ಕೋಟಿ ಡಾಲರ್ ಸಾಲ ಕೊಡಬಹುದು. ಉಳಿದ 2 ಕೋಟಿ ಎಲ್ಲಿಂದ?

ಫೆಡರಲ್ ಕ್ರೆಡಿಟ್‌ನಲ್ಲಿ ಎರಡು ಬಗೆ. ಒಂದನ್ನ ಶೇ 9, ಇನ್ನೊಂದನ್ನ ಶೇ 4 ಅಂತ ಕರೀತಾರೆ. ಜಾಗದ ಬೆಲೆ ಇತ್ಯಾದಿ ಬಿಟ್ಟು 2.5 ಕೋಟಿ ಖರ್ಚು ಲೆಕ್ಕಕ್ಕೆ ಬಂತು ಅಂದ್ಕೊಳ್ಳಿ. ಶೇ 9 ಸಿಕ್ಕಿದ್ರೆ ವರ್ಷಕ್ಕೆ 22.5 ಲಕ್ಷ, 10 ವರ್ಷಕ್ಕೆ 2.25 ಕೋಟಿ ಡಾಲರ್ ಕ್ರೆಡಿಟ್. ಡಾಲರಿಗೆ 85 ಸೆಂಟ್‌ನಂತೆ ಮಾರಿದ್ರೆ 1.9 ಕೋಟಿ ಕೈಗೆ. ಗಂಟು ಹೆಚ್ಚುಕಡಿಮೆ ಕಟ್ಟಾಯ್ತು. ಆದರೆ ಈ ಶೇ 9 ಪ್ರತಿ ರಾಜ್ಯಕ್ಕೂ ಜನಸಂಖ್ಯೆ ಮೇಲೆ ಅಳೆದು ಸುರೀತಾರೆ, ಅದಕ್ಕೆ ಭಾರಿ ಸ್ಪರ್ಧೆ. ಶೇ 4 ಸಿಗೋದು ಅದಕ್ಕಿಂತ ಸುಲಭ, ಆದರೆ 10 ವರ್ಷಕ್ಕೆ ಬರೋದು 1 ಕೋಟಿ, ಮಾರಿದ್ರೆ 85 ಲಕ್ಷ. ಇನ್ನೂ 1.15 ಕೋಟಿ ಡಾಲರ್ ಹಳ್ಳ.

ಈ ಹಳ್ಳ ಮುಚ್ಚೋಕೆ ಬಂದಿದ್ದೇ ರಾಜ್ಯಗಳ ಟ್ಯಾಕ್ಸ್ ಕ್ರೆಡಿಟ್. ಕ್ಯಾಲಿಫೋರ್ನಿಯಾ 1987ರಲ್ಲೇ ಶುರು ಮಾಡ್ತು. ಕೊಲರಾಡೋ 2001ರಲ್ಲಿ ಆರಂಭಿಸಿ, ಬೇಗನೇ ನಿಲ್ಲಿಸಿ, 2014ರಲ್ಲಿ ಮತ್ತೆ ತಂತು. ಟೆಕ್ಸಾಸ್ 2023ರಲ್ಲಿ ಕಾನೂನು ಮಾಡ್ತು. ಅಲ್ಲಿ ವೈಯಕ್ತಿಕ ಆದಾಯ ತೆರಿಗೆಯೇ ಇಲ್ವಲ್ಲ, ಹಾಗಾದ್ರೆ ಯಾವ ತೆರಿಗೆಗೆ ಕ್ರೆಡಿಟ್ ಅಂತ ನಿಮಗೆ ಅನ್ನಿಸಿರಬಹುದು. ಕಂಪನಿಗಳು ಕಟ್ಟೋ ಫ್ರಾಂಚೈಸ್ ತೆರಿಗೆಗೆ, ವಿಮಾ ಕಂಪನಿಗಳು ಕಟ್ಟೋ ಪ್ರೀಮಿಯಂ ತೆರಿಗೆಗೆ. ವಿಮಾ ಕಂಪನಿಗಳು ಹಲವು ರಾಜ್ಯಗಳಲ್ಲಿ ಈ ಕ್ರೆಡಿಟ್‌ನ ದೊಡ್ಡ ಗಿರಾಕಿಗಳು. ಯಾರದ್ದೋ ಕಾರ್ ಇನ್ಶೂರೆನ್ಸ್ ಕಂತು ಸುತ್ತಿ ಬಳಸಿ ಇನ್ಯಾರದ್ದೋ ಮನೆ ಗೋಡೆಯಾಗುತ್ತೆ ಅಂದ್ರೆ ನಂಬ್ತೀರಾ?

ಇಲ್ಲಿವರೆಗೆ ಕಥೆ ಚೆನ್ನಾಗಿದೆ. ಈಗ ತೂತುಗಳ ಬಗ್ಗೆ.

ಮಿಸ್ಸೌರಿ ರಾಜ್ಯ ಇದರಲ್ಲಿ ಬಹಳ ಧಾರಾಳಿ. ಫೆಡರಲ್ ಸರ್ಕಾರ ಎಷ್ಟು ಕ್ರೆಡಿಟ್ ಕೊಡುತ್ತೋ ನಾವೂ ಅಷ್ಟೇ ಕೊಡ್ತೀವಿ ಅಂತಿತ್ತು. ಆದರೆ ರಾಜ್ಯದ ಲೆಕ್ಕಪರಿಶೋಧಕರು ಕೂತು ಎಣಿಸಿದಾಗ ಬಂದ ಸಂಖ್ಯೆ 42. ಅಂದ್ರೆ ರಾಜ್ಯ ಒಂದು ಡಾಲರ್ ತೆರಿಗೆ ಬಿಟ್ರೆ ಮನೆ ಕಟ್ಟೋಕೆ ಹೋಗ್ತಿದ್ದದ್ದು 42 ಸೆಂಟ್. ಮಿಕ್ಕಿದ್ದು?

ಕಳ್ಳತನ ಅಂದ್ಕೋಬೇಡಿ. ಕಾರಣಗಳು ಲೆಕ್ಕದಲ್ಲೇ ಇವೆ. ಮೊದಲನೇದು, 10 ವರ್ಷ ಕಾದು ಪಡೆಯೋ ದುಡ್ಡಿಗೆ ಇವತ್ತು ಯಾರೂ ಪೂರ್ತಿ ಬೆಲೆ ಕೊಡಲ್ಲ. ನಮ್ಮ ಚೀಟಿ ವ್ಯವಹಾರ ನೋಡಿದೋರಿಗೆ ಇದು ಗೊತ್ತು, ಮೊದಲೇ ಬೇಕಾದ್ರೆ ಕೂಗಿ ಬಿಟ್ಟು ತಗೋಬೇಕು. ಎರಡನೇದು, ಮಿಸ್ಸೌರಿ ಕ್ರೆಡಿಟ್ ಮಿಸ್ಸೌರಿಯಲ್ಲಿ ತೆರಿಗೆ ಕಟ್ಟೋರಿಗೆ ಮಾತ್ರ ಉಪಯೋಗ. ಗಿರಾಕಿ ಕಡಿಮೆಯಾದ ಸಂತೆಯಲ್ಲಿ ಟೊಮೆಟೊ ಬೆಲೆ ಏನಾಗುತ್ತೆ? ಅದೇ.

ಮೂರನೇದು ನನಗೆ ತುಂಬಾ ಕುತೂಹಲ ಅನ್ನಿಸಿದ್ದು. ಅಮೆರಿಕದಲ್ಲಿ ಕಂಪನಿಯೊಂದು ರಾಜ್ಯಕ್ಕೆ ಕಟ್ಟಿದ ತೆರಿಗೆಯನ್ನ ಖರ್ಚು ಅಂತ ತೋರಿಸಿ ಫೆಡರಲ್ ತೆರಿಗೆ ಇಳಿಸ್ಕೋಬಹುದು. ರಾಜ್ಯದ ಕ್ರೆಡಿಟ್ ಕೊಂಡ್ರೆ ರಾಜ್ಯಕ್ಕೆ ಕಟ್ಟೋ ತೆರಿಗೆ ಕಡಿಮೆ, ಹಾಗಾಗಿ ತೋರಿಸೋ ಖರ್ಚೂ ಕಡಿಮೆ, ಫೆಡರಲ್ ತೆರಿಗೆ ಜಾಸ್ತಿ. ಕಂಪನಿ ತೆರಿಗೆ ದರ ಶೇ 35 ಇದ್ದಾಗ, ರಾಜ್ಯ ಬಿಟ್ಟುಕೊಟ್ಟ ಪ್ರತಿ ಡಾಲರಿನಲ್ಲಿ 35 ಸೆಂಟ್ ಹೀಗೆ ವಾಷಿಂಗ್ಟನ್ ಬೊಕ್ಕಸಕ್ಕೆ ಹೋಗಿಬಿಡ್ತಿತ್ತು. ಬಡವರ ಮನೆಗೆ ಅಂತ ರಾಜ್ಯ ಕೊಟ್ಟ ದುಡ್ಡು ಕೇಂದ್ರದ ಜೇಬಿಗೆ! 2017ರ ಕೊನೆಯಲ್ಲಿ ಈ ದರ ಶೇ 21ಕ್ಕೆ ಇಳೀತು, ಸೋರಿಕೆಯೂ ಅಷ್ಟು ಇಳೀತು. ತಮಾಷೆ ಏನಂದ್ರೆ, ಅದೇ ದರ ಇಳಿಕೆಯಿಂದ ಫೆಡರಲ್ ಕ್ರೆಡಿಟ್‌ನ ಬೆಲೆ ಕುಸೀತು. ಕಂಪನಿಗಳಿಗೆ ತೆರಿಗೆಯೇ ಕಡಿಮೆಯಾದ್ಮೇಲೆ ತೆರಿಗೆ ಉಳಿಸೋ ಆತುರ ಯಾರಿಗಿರುತ್ತೆ?

ಸರಿ, ಮಿಸ್ಸೌರಿಗೆ ವಾಪಸ್ ಬರೋಣ. ಡಿಸೆಂಬರ್ 2017ರಲ್ಲಿ ಗವರ್ನರ್ ಎರಿಕ್ ಗ್ರೈಟೆನ್ಸ್ ಕಾಲದಲ್ಲಿ ರಾಜ್ಯದ ವಸತಿ ಆಯೋಗ ಈ ಕ್ರೆಡಿಟ್ ಅನ್ನ ಸೊನ್ನೆ ಮಾಡ್ತು. ಅರ್ಧಕ್ಕಿಂತ ಹೆಚ್ಚು ಸೋರಿ ಹೋಗೋ ಕೊಡಕ್ಕೆ ನೀರು ಯಾಕೆ ಹಾಕ್ಬೇಕು ಅನ್ನೋದು ವಾದ. ವಾದ ಕೇಳೋಕೆ ಸರಿಯಾಗೇ ಇದೆ. ಆದರೆ ಕೊಡ ಎಸೆದ್ರೆ ನೀರು ತರೋದು ಯಾವುದರಲ್ಲಿ? ಕ್ರೆಡಿಟ್ ನಿಲ್ಲಿಸಿದ ಮಾತ್ರಕ್ಕೆ ಅದೇ ದುಡ್ಡು ಮನೆಗೆ ಹೋಗುತ್ತೆ ಅಂತ ಯಾವ ಗ್ಯಾರಂಟಿಯೂ ಇಲ್ಲ. ನಾನು ಮೊದಲು ಹೇಳಿದ ಲೆಕ್ಕ ನೆನಪಿಸ್ಕೊಳ್ಳಿ, ರಾಜ್ಯದ ಪಾಲು ಇಲ್ಲದಿದ್ರೆ ಶೇ 4ರ ಕಟ್ಟಡದ ಲೆಕ್ಕ ಕೂಡೋದೇ ಕಷ್ಟ, ಫೆಡರಲ್ ದುಡ್ಡೂ ಬಳಕೆಯಾಗದೆ ಉಳಿಯುತ್ತೆ. ಸುಮಾರು ಮೂರು ವರ್ಷ ಬಿಟ್ಟು ಮಿಸ್ಸೌರಿ ಮತ್ತೆ ಕ್ರೆಡಿಟ್ ಶುರು ಮಾಡ್ತು, ಮೊದಲಿಗಿಂತ ಸಣ್ಣ ಪ್ರಮಾಣದಲ್ಲಿ.

ನೇರವಾಗಿ ದುಡ್ಡು ಕೊಟ್ರೆ ಅಗ್ಗ ಅಲ್ವಾ ಅಂತ ಕೇಳ್ತೀರ. ಹೌದು, ಅಗ್ಗ. ಡಾಲರಿಗೆ ಡಾಲರ್ ಕಟ್ಟಡಕ್ಕೆ ಹೋಗುತ್ತೆ. ಆದರೆ ನೇರ ಅನುದಾನ ಪ್ರತಿ ವರ್ಷ ಬಜೆಟ್‌ನಲ್ಲಿ ಕಣ್ಣಿಗೆ ಬೀಳುತ್ತೆ, ಪ್ರತಿ ವರ್ಷ ಅದರ ಕುತ್ತಿಗೆ ಮೇಲೆ ಕತ್ತಿ. ತೆರಿಗೆ ಕ್ರೆಡಿಟ್ ಕಾನೂನಿನ ಒಳಗೆ ಅಡಗಿ ಕೂತಿರುತ್ತೆ. ಬಿಲ್ಡರಿಗೂ ಲಾಭ, ಬ್ಯಾಂಕಿಗೂ ಲಾಭ, ಹಾಗಾಗಿ ಎರಡೂ ಪಕ್ಷದಲ್ಲಿ ಅದಕ್ಕೆ ಸ್ನೇಹಿತರಿದ್ದಾರೆ. ದುಬಾರಿ, ಆದರೆ ಗಟ್ಟಿ ಜೀವ. ಸೋರಿಕೆ ಕಡಿಮೆ ಮಾಡೋ ದಾರಿಗಳೂ ಇವೆ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಕ್ರೆಡಿಟ್ 10 ವರ್ಷಕ್ಕಲ್ಲ, 4 ವರ್ಷಕ್ಕೆ. ಬೇಗ ಸಿಕ್ಕಿದ್ರೆ ಕೊಳ್ಳೋರು ಜಾಸ್ತಿ ಬೆಲೆ ಕೊಡ್ತಾರೆ. 2019ರಲ್ಲಿ ಆ ರಾಜ್ಯ ಇದಕ್ಕೆ ಹೆಚ್ಚುವರಿಯಾಗಿ 50 ಕೋಟಿ ಡಾಲರ್ ಕ್ರೆಡಿಟ್ ಒದಗಿಸ್ತು.

ಇನ್ನೊಂದು ಹೊಸ ಬೆಳವಣಿಗೆ ಇದೆ. ಜುಲೈ 2025ರ ಫೆಡರಲ್ ಕಾನೂನಿನಿಂದ ಶೇ 4ರ ಕ್ರೆಡಿಟ್ ಪಡೆಯೋದು 2026ರಿಂದ ಸುಲಭವಾಗಿದೆ. ಮೊದಲು ಯೋಜನೆಯ ಅರ್ಧ ಹಣ ತೆರಿಗೆಮುಕ್ತ ಬಾಂಡ್‌ನಿಂದ ಬರಬೇಕಿತ್ತು, ಈಗ ಶೇ 25 ಸಾಕು. ಒಳ್ಳೇದೇ. ಆದರೆ ಶೇ 4ರ ಕಟ್ಟಡಗಳು ಹೆಚ್ಚಾದ್ರೆ ಅವುಗಳ ಜೊತೆ ಬರೋ ಹಳ್ಳಗಳೂ ಹೆಚ್ಚಾಗ್ತವೆ. ರಾಜ್ಯಗಳ ಮೇಲೆ ಒತ್ತಡ ಈಗ ಇನ್ನೂ ಜಾಸ್ತಿ.

ಇಷ್ಟು ಹೊತ್ತು ದುಡ್ಡಿನ ವಿಷಯ ಮಾತಾಡಿದ್ವಿ. ನನ್ನ ಪ್ರಕಾರ ಮುಖ್ಯವಾದ ಪ್ರಶ್ನೆ ದುಡ್ಡಲ್ಲ, ಗಡಿಯಾರ.

ಈ ಬಾಡಿಗೆ ನಿಯಮ ಎಷ್ಟು ವರ್ಷ? ಶುರುವಿನ ಕಟ್ಟಡಗಳಿಗೆ 15 ವರ್ಷ. 1990ರ ನಂತರ ಒಟ್ಟು 30 ವರ್ಷ ಮಾಡಿದ್ರು. ಕ್ಯಾಲಿಫೋರ್ನಿಯಾ 55 ವರ್ಷ ಕೇಳುತ್ತೆ. ಗಮನಿಸಿ, ಬ್ಯಾಂಕಿನ ಕ್ರೆಡಿಟ್ 10 ವರ್ಷಕ್ಕೆ ಮುಗಿಯುತ್ತೆ. ತೆರಿಗೆ ಇಲಾಖೆಯ ಕಣ್ಣು 15 ವರ್ಷ. ಅದಾದ್ಮೇಲೆ ನಿಯಮ ಮುರಿದ್ರೂ ಕ್ರೆಡಿಟ್ ವಾಪಸ್ ಕಿತ್ಕೊಳ್ಳೋ ಭಯ ಇಲ್ಲ, ರಾಜ್ಯವೇ ಕಾವಲು ಕಾಯಬೇಕು.

ಅದರಲ್ಲೂ ಒಂದು ಹಿಂಬಾಗಿಲಿದೆ. 14ನೇ ವರ್ಷ ಮುಗಿದ ಮೇಲೆ ಮಾಲೀಕರು ರಾಜ್ಯದ ವಸತಿ ಸಂಸ್ಥೆಗೆ, ನನ್ನ ಕಟ್ಟಡ ಕೊಳ್ಳೋರನ್ನ ಹುಡುಕಿ ಅಂತ ಬರೀಬಹುದು. ಬೆಲೆ ಕಾನೂನಿನ ಸೂತ್ರದ ಪ್ರಕಾರ. ಆ ಸೂತ್ರದ ಬೆಲೆ ಎಷ್ಟೋ ಕಡೆ ಮಾರ್ಕೆಟ್ ಬೆಲೆಗಿಂತ ಜಾಸ್ತಿ, ಹಾಗಾಗಿ ಯಾರೂ ಕೊಳ್ಳಲ್ಲ. ಒಂದು ವರ್ಷದಲ್ಲಿ ಗಿರಾಕಿ ಸಿಗಲಿಲ್ಲ ಅಂದ್ರೆ ನಿಯಮ ರದ್ದು. ಈಗಿರೋ ಬಾಡಿಗೆದಾರರಿಗೆ ಮೂರು ವರ್ಷ ರಕ್ಷಣೆ, ಆಮೇಲೆ ಮಾರ್ಕೆಟ್ ಬಾಡಿಗೆ. 30 ವರ್ಷ ಅಂತ ಹೇಳಿ ತಂದ ಕಟ್ಟಡ ಹೀಗೆ ಅರ್ಧ ದಾರಿಯಲ್ಲೇ ಇಳಿದು ಹೋಗುತ್ತೆ.

ಆ ಮನೆಯಲ್ಲಿರೋರ ಕಡೆಯಿಂದ ಯೋಚಿಸಿ. ಮಗು ಹುಟ್ಟಿದಾಗ ಸೇರಿದ್ದೀರ. ಮಗು ಹೈಸ್ಕೂಲಿಗೆ ಬರೋ ಹೊತ್ತಿಗೆ, ಯಾವುದೋ ಕಚೇರಿಯಲ್ಲಿ ಒಂದು ಅರ್ಜಿ ಬಿದ್ದಿದೆ. ನೀವು ಬಾಡಿಗೆ ತಪ್ಪಿಸಿಲ್ಲ, ಜಗಳ ಆಡಿಲ್ಲ, ಆದರೂ ಕಟ್ಟಡದ ವಯಸ್ಸು ನಿಮ್ಮನ್ನ ಹೊರಗೆ ಹಾಕುತ್ತೆ.

ಇಲ್ಲೇ ರಾಜ್ಯಗಳಿಗೆ ಒಂದು ಹತೋಟಿ ಇದೆ. ಕ್ರೆಡಿಟ್ ಹಂಚೋದು ರಾಜ್ಯ, ಹಂಚೋ ಷರತ್ತು ಬರೆಯೋದೂ ರಾಜ್ಯ. ಹಿಂಬಾಗಿಲಿನ ಹಕ್ಕು ಬಿಟ್ಟುಕೊಡಿ, ಆಮೇಲೆ ಕ್ರೆಡಿಟ್ ಕೇಳಿ ಅಂತ ಈಗ ಹಲವು ರಾಜ್ಯಗಳು ಷರತ್ತು ಹಾಕ್ತಿವೆ. ಅಮೆರಿಕದಲ್ಲಿರೋ ಕೇಳುಗರಿಗೆ ಒಂದು ಟಿಪ್: ಕೇಂದ್ರ ವಸತಿ ಇಲಾಖೆ, ಅಂದ್ರೆ ಹಡ್, ಇಂಥ ಕಟ್ಟಡಗಳ ಪಟ್ಟಿಯನ್ನ ಇಂಟರ್ನೆಟ್‌ನಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಕಟ್ಟಡ ಯಾವ ವರ್ಷ ಬಳಕೆಗೆ ಬಂತು ಅಂತ ಅದರಲ್ಲಿರುತ್ತೆ. ಲೀಸ್‌ಗೆ ಸಹಿ ಹಾಕೋ ಮುಂಚೆ ನೋಡಿ, 14 ಕೂಡಿಸಿ.

ಈಗ ಬೆಂಗಳೂರಿಗೆ ಬರೋಣ, ಯಾಕಂದ್ರೆ ನಾವೂ ತೆರಿಗೆ ಬಿಟ್ಟು ಮನೆ ಕಟ್ಟಿಸೋ ಪ್ರಯತ್ನ ಮಾಡಿದ್ದೀವಿ. 2016ರ ಬಜೆಟ್‌ನಲ್ಲಿ 80-ಐಬಿಎ ಅನ್ನೋ ಸೆಕ್ಷನ್ ಬಂತು. ಕೈಗೆಟುಕುವ ಮನೆ ಯೋಜನೆ ಮಾಡಿದ ಬಿಲ್ಡರಿಗೆ ಆ ಯೋಜನೆಯ ಲಾಭದ ಮೇಲೆ ಶೇ 100 ಕಡಿತ. ಮಾರ್ಚ್ 2022ರೊಳಗೆ ಅನುಮೋದನೆ ಪಡೆದ ಯೋಜನೆಗಳಿಗೆ ಇದು ಅನ್ವಯ. 2019ರಿಂದ ಕೈಗೆಟುಕುವ ಮನೆಗೆ ಜಿಎಸ್‌ಟಿ ಶೇ 1, ಬೇರೆ ಮನೆಗೆ ಶೇ 5. ಬೆಂಗಳೂರಲ್ಲಿ 60 ಚದರ ಮೀಟರ್ ಕಾರ್ಪೆಟ್ ಏರಿಯಾ, ಬೆಲೆ 45 ಲಕ್ಷದೊಳಗೆ ಇರಬೇಕು. ಕರ್ನಾಟಕ ಸರ್ಕಾರವೂ ಕಡಿಮೆ ಬೆಲೆಯ ಹೊಸ ಫ್ಲ್ಯಾಟ್‌ಗಳ ಮುದ್ರಾಂಕ ಶುಲ್ಕ ಇಳಿಸ್ತು, 20 ಲಕ್ಷದವರೆಗೆ ಶೇ 2, 45 ಲಕ್ಷದವರೆಗೆ ಶೇ 3. ಆದರೆ ಆಗಸ್ಟ್ 2025ರ ಕೊನೆಯಲ್ಲಿ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿತು. ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಸ್ವಲ್ಪ ವಾಪಸ್.

ಆ 45 ಲಕ್ಷದ ಮಿತಿ 2019ರಲ್ಲಿ ಹಾಕಿದ್ದು. 60 ಚದರ ಮೀಟರ್ ಅಂದ್ರೆ 645 ಚದರ ಅಡಿ. ಭಾಗಿಸಿದ್ರೆ ಕಾರ್ಪೆಟ್ ಅಡಿಗೆ ಸುಮಾರು 7 ಸಾವಿರ. ಆ ರೇಟಲ್ಲಿ ಬೆಂಗಳೂರಿನೊಳಗೆ ಹೊಸ ಟು ಬಿಎಚ್‌ಕೆ ಸಿಕ್ಕಿದ್ರೆ ದಯವಿಟ್ಟು ನನಗೂ ಹೇಳಿ.

ನನ್ನ ತಕರಾರು ಮಿತಿ ಬಗ್ಗೆ ಮಾತ್ರ ಅಲ್ಲ. ನಮ್ಮ ವ್ಯವಸ್ಥೆಯಲ್ಲಿ ರಿಯಾಯ್ತಿ ಸಿಗೋದು ಮಾರಾಟಕ್ಕೆ. ಮನೆ ಮಾರಿದ ದಿನ ಬಿಲ್ಡರ್ ಕೆಲಸ ಮುಗೀತು. ಕೊಂಡೋರು ಅದನ್ನ ಎರಡು ವರ್ಷ ಬಿಟ್ಟು ಮಾರ್ಕೆಟ್ ರೇಟಿಗೆ ಮಾರಬಹುದು, ಮಾರ್ಕೆಟ್ ರೇಟಿಗೆ ಬಾಡಿಗೆಗೂ ಕೊಡಬಹುದು. ಸರ್ಕಾರ ತೆರಿಗೆ ಬಿಟ್ಟು ಅಗ್ಗ ಮಾಡಿದ ಮನೆ ಒಂದೇ ಒಂದು ಸಲ ಅಗ್ಗ. 15 ವರ್ಷ, 30 ವರ್ಷ, 55 ವರ್ಷ ಅಂತ ಅಲ್ಲಿ ಜಗಳ ಆಡ್ತಿದ್ದಾರೆ. ನಮ್ಮಲ್ಲಿ ಗಡಿಯಾರಕ್ಕೆ ಮುಳ್ಳೇ ಇಲ್ಲ. 2021ರಲ್ಲಿ 80-ಐಬಿಎಗೆ ಬಾಡಿಗೆ ಮನೆ ಯೋಜನೆಗಳನ್ನೂ ಸೇರಿಸಿದ್ರು, ಮರುವರ್ಷವೇ ಬಾಗಿಲು ಮುಚ್ಚಿತು.

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದುಡಿಯೋರು, ವೈಟ್‌ಫೀಲ್ಡ್‌ನಲ್ಲಿ ಡೆಲಿವರಿ ಮಾಡೋರು 45 ಲಕ್ಷದ ಮನೆ ಕೊಳ್ಳಲ್ಲ. ಅವರಿಗೆ ಬೇಕಿರೋದು ಮುಂದಿನ 20 ವರ್ಷ ತಲೆ ಕೆಡಿಸದ ಬಾಡಿಗೆ. ರಾಜ್ಯದ ಕೈಲಿ ಮುದ್ರಾಂಕ ಶುಲ್ಕ ಇದೆ, ಜಾಗ ಇದೆ, ನಗರ ಪಾಲಿಕೆಗಳ ಕೈಲಿ ಆಸ್ತಿ ತೆರಿಗೆ ಇದೆ. ಅವುಗಳಲ್ಲಿ ಯಾವುದನ್ನಾದ್ರೂ ಬಿಡೋವಾಗ, ಇಷ್ಟು ವರ್ಷ ಇಷ್ಟೇ ಬಾಡಿಗೆ ಅಂತ ಕ್ರಯಪತ್ರದ ಜೊತೆ ಒಂದು ಸಾಲು ನೋಂದಣಿ ಮಾಡಿಸೋಕೆ ಯಾರಪ್ಪಣೆ ಬೇಕು? ಮುಂದಿನ ರಾಜ್ಯ ಬಜೆಟ್‌ನಲ್ಲಿ 'ಕೈಗೆಟುಕುವ ಮನೆ' ಅನ್ನೋ ಪದ ಬಂದಾಗ ಪಕ್ಕದಲ್ಲಿ ವರ್ಷದ ಸಂಖ್ಯೆ ಇದೆಯಾ ಅಂತ ನಾನು ಹುಡುಕ್ತೀನಿ.

ಬಾಡಿಗೆ ಬಗ್ಗೆ ನಿಮ್ಮ ಪ್ರಶ್ನೆಗಳಿದ್ರೆ ವಾಯ್ಸ್ ನೋಟ್ ಕಳಿಸಿ, ಒಂದು ನಿಮಿಷದೊಳಗೆ ಇದ್ರೆ ಒಳ್ಳೇದು. ಬೆಂಗಳೂರಿನ 10 ತಿಂಗಳ ಅಡ್ವಾನ್ಸ್ ಬಗ್ಗೆ ಈಗಾಗಲೇ ಬಹಳ ಜನ ಕೇಳಿದ್ದೀರ, ಮುಂದಿನ ವಾರ ಅದನ್ನೇ ಎತ್ಕೊಳ್ತೀನಿ.